ಆರುಬಾ: ಬೋಕಾ ಗ್ರಾಂಡಿಯಲ್ಲಿ ನಾನು ಈಗಲೇ ಇಳಿಯಬಹುದಾ, ಇನ್ನೂ ಕಾಯಬೇಕಾ?

ಹೊಸರೆಕ್ಕೆ:

ಎಲ್ಲರಿಗೂ ನಮಸ್ಕಾರ. ಆರುಬಾ ದ್ವೀಪದಲ್ಲಿ ಕೈಟ್‌ಸರ್ಫಿಂಗ್ (ಗಾಳಿಪಟದಂಥ ದೊಡ್ಡ ಕೈಟ್ ಎಳೆಯುತ್ತಿದ್ದರೆ ಬೋರ್ಡ್ ಮೇಲೆ ನಿಂತು ನೀರಿನಲ್ಲಿ ಜಾರುವ ಆಟ) ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ.

ಇಲ್ಲಿಗೆ ಬಂದು 11 ದಿನ ಆಯಿತು, ಇನ್ನು 8 ದಿನ ಇರುತ್ತೇನೆ. ಕಲಿತಿದ್ದು ಫಿಷರ್‌ಮನ್ಸ್ ಹಟ್ಸ್‌ನಲ್ಲಿ. ಇಲ್ಲಿನವರು ಹಡಿಕುರಾರಿ ಅನ್ನುತ್ತಾರಲ್ಲ, ಅದೇ ಜಾಗ. ನಾವು ಕಲಿತ ಕಡೆ ನೀರು ಸೊಂಟದವರೆಗೆ, ಅಲೆ ಇಲ್ಲವೇ ಇಲ್ಲ ಅನ್ನಬಹುದು. ಬೋರ್ಡ್ ಮೇಲೆ ಎದ್ದು ಎರಡೂ ಕಡೆಗೆ ಹೋಗುವುದು ಬಂತು. ಗಾಳಿಗೆ ಎದುರಾಗಿ ಏರುತ್ತಾ ಹೊರಟ ಜಾಗಕ್ಕೇ ವಾಪಸ್ ಬರುವುದು ಮೂರು ದಿನದಿಂದ ಬರುತ್ತಿದೆ. ನನ್ನ ತೂಕ 64 ಕೆಜಿ. ಕೈಯಲ್ಲಿರುವುದು 9 ಮೀಟರ್ ಮತ್ತು 12 ಮೀಟರ್ ಕೈಟ್ (ಬಟ್ಟೆಯ ಅಳತೆ, ಚದರ ಮೀಟರಿನಲ್ಲಿ), ಎರಡೂ ಕಡೆಗೆ ಹೋಗುವ ಒಂದು ಟ್ವಿನ್ ಟಿಪ್ ಬೋರ್ಡ್.

ಭಾನುವಾರ ಮಗಳನ್ನು ಬೇಬಿ ಬೀಚಿಗೆ ಕರೆದುಕೊಂಡು ಹೋಗಿದ್ದೆವು. ದಾರಿಯಲ್ಲಿ ಆ ದೊಡ್ಡ ಕೆಂಪು ಲಂಗರು ದಾಟಿದ ಮೇಲೆ ಬೋಕಾ ಗ್ರಾಂಡಿ ಬೀಚ್ ಕಂಡಿತು. ಕಾರು ನಿಲ್ಲಿಸಿ ಇಳಿದರೆ ಬಾಗಿಲು ಗಾಳಿಗೆ ಕಿತ್ತುಕೊಂಡು ಹೋಗುವ ಹಾಗೆ ತೆರೆದುಕೊಂಡಿತು. ನೀರಿನಲ್ಲಿ ಬರೀ ಆರು ಕೈಟ್. ಒಬ್ಬರು ಅಲೆಯ ಮುಂದೆ ಜಾರಿಕೊಂಡು ಬಂದದ್ದು ನೋಡಿ ನನಗೆ ಆ ರಾತ್ರಿ ನಿದ್ದೆಯೇ ಬರಲಿಲ್ಲ.

ಕಲಿಸಿದವರು "ಮುಂದಿನ ಸಲ ಬಂದಾಗ ನೋಡೋಣ" ಅಂದರು. ಜೊತೆಗೆ ಕಲಿತ ಹುಡುಗ "ಸುಮ್ನೆ ಹೋಗಿ, ಅಲ್ಲಿ ಗಾಳಿ ದಡದ ಕಡೆಗೇ ಬೀಸುತ್ತೆ, ಏನಾದರೂ ಆದರೆ ತಾನಾಗಿ ದಡಕ್ಕೆ ತಂದು ಬಿಡುತ್ತೆ" ಅನ್ನುತ್ತಾನೆ. ಇಬ್ಬರ ಮಾತೂ ಸರಿ ಅನಿಸುತ್ತಿದೆ. ಮುಂದಿನ ಸಲ ಯಾವಾಗ ಬರುತ್ತೇನೋ ಗೊತ್ತಿಲ್ಲ. ನಿಜ ಹೇಳಿ, ಹೋಗಬಹುದಾ?

ಉಪ್ಪುಗಾಳಿ:

ಅಕ್ಕ, ನಮಸ್ಕಾರ. ಆರು ವರ್ಷದಿಂದ ಈ ದ್ವೀಪದಲ್ಲೇ ಇದ್ದೇನೆ. ಒಂದು ಹೋಟೆಲಿನಲ್ಲಿ ಲೆಕ್ಕಪತ್ರದ ಕೆಲಸ. ಭಾನುವಾರ ಬಂತೆಂದರೆ ಬೋಕಾ ಗ್ರಾಂಡಿ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಆ ಹುಡುಗನ ಮಾತು. ಅರ್ಧ ಸರಿ. ಆರುಬಾದಲ್ಲಿ ವ್ಯಾಪಾರ ಮಾರುತ ವರ್ಷದ ಹೆಚ್ಚಿನ ದಿನ ಪೂರ್ವದಿಂದಲೇ ಬೀಸುತ್ತದೆ. ಹಟ್ಸ್ ಇರುವುದು ಪಶ್ಚಿಮದ ಕಡೆ. ಅಂದರೆ ಅಲ್ಲಿ ಗಾಳಿ ನೆಲ ದಾಟಿ ಬಂದು ನಿಮ್ಮನ್ನು ಸಮುದ್ರದ ಕಡೆಗೆ ತಳ್ಳುತ್ತದೆ. ನೀರು ಶಾಂತವಾಗಿರುವುದೂ ಅದಕ್ಕೇ. ಅಲೆ ಏಳಲು ಜಾಗವೇ ಸಿಕ್ಕಿರುವುದಿಲ್ಲ. ಅಲ್ಲಿ ಕೈಟ್ ಬಿದ್ದು ಮತ್ತೆ ಏಳದಿದ್ದರೆ ನೀವು ಹೋಗುವುದು ತೆರೆದ ಕೆರಿಬಿಯನ್ ಸಮುದ್ರಕ್ಕೆ. ಇಷ್ಟು ದಿನ ಕಲಿಸುವವರ ದೋಣಿ ಹತ್ತಿರ ಇತ್ತು, ಅದಕ್ಕೇ ನಿಮಗೆ ಅದು ಗೊತ್ತಾಗಿಲ್ಲ. ಹಾಗೆ ನೋಡಿದರೆ ಹಟ್ಸ್ ಕೂಡ ಕಾಣುವಷ್ಟು ಸಾಧು ಜಾಗ ಅಲ್ಲ.

ಬೋಕಾ ಗ್ರಾಂಡಿ ಇದರ ತದ್ವಿರುದ್ಧ. ಗಾಳಿ ಸಮುದ್ರದಿಂದ ದಡಕ್ಕೆ ಓರೆಯಾಗಿ ಬರುತ್ತದೆ. ಹೌದು, ದಡಕ್ಕೆ ತಂದು ಬಿಡುತ್ತದೆ. ಆದರೆ ಹೇಗೆ ತಂದು ಬಿಡುತ್ತದೆ, ಎಲ್ಲಿ ತಂದು ಬಿಡುತ್ತದೆ ಅನ್ನುವುದು ಅವನು ಹೇಳಲಿಲ್ಲ ಅಲ್ವಾ? ದಾರಿಯಲ್ಲಿ ಹವಳದ ಬಂಡೆ ಇದೆ. ದಡಕ್ಕೆ ಅಪ್ಪಳಿಸುವ ಅಲೆ ಇದೆ. ದಡದ ಗುಂಟ ಎಳೆಯುವ ಸೆಳೆತ ಇದೆ. ಮರಳು ಮುಗಿದ ಮೇಲೆ ಮುಳ್ಳಿನ ಪೊದೆ, ಕಳ್ಳಿ, ಗಟ್ಟಿ ನೆಲ.

ನನ್ನ ಅನುಭವದಲ್ಲಿ ಅಲ್ಲಿ ನೀರಿಗಿಂತ ನೆಲಕ್ಕೇ ಹೆಚ್ಚು ಹೆದರಬೇಕು. ಕೈಟ್ ಎಬ್ಬಿಸಿದ ಕ್ಷಣದಿಂದ ಮೊಣಕಾಲು ನೀರಿಗೆ ಇಳಿಯುವವರೆಗಿನ ಆ ಮೂವತ್ತು ಹೆಜ್ಜೆ ಇದೆಯಲ್ಲ, ಅದೇ ಅತಿ ಕೆಟ್ಟ ಜಾಗ. ಆಗ ಒಂದು ಬಿರುಸು ಗಾಳಿ ಬಂದರೆ ಹಟ್ಸ್‌ನಲ್ಲಿ ನೀರಿಗೆ ಬೀಳುತ್ತೀರಿ. ಇಲ್ಲಿ ಒಳನಾಡಿನ ಕಡೆಗೆ ಎತ್ತಿ ಒಗೆಯುತ್ತದೆ. ಹಾಗಾಗಿ ದಡದ ಮೇಲೆ ಕೈಟ್ ಅನ್ನು ನೆತ್ತಿಗೆ ತಂದು ನಿಲ್ಲಿಸಬೇಡಿ. ಸಮುದ್ರದ ಬದಿಗೆ, ಕೆಳಗೆ ಇಟ್ಟುಕೊಂಡು ಬೇಗ ಬೇಗ ನೀರಿಗೆ ನಡೆಯಿರಿ. ಫೋಟೋ, ಮಾತು, ಕನ್ನಡಕ ಸರಿ ಮಾಡಿಕೊಳ್ಳುವುದು ಎಲ್ಲ ಆಮೇಲೆ. ಕೈಟ್ ಹಿಡಿದು ಎಬ್ಬಿಸಿಕೊಡಲು ಗೊತ್ತಿರುವವರೇ ಬೇಕು. ದಡದಲ್ಲಿ ನಿಂತ ಯಾರೋ ಪ್ರವಾಸಿಯ ಕೈಗೆ ಕೊಡಬೇಡಿ.

ಎರಡನೆಯದು ಕೈಟ್ ಅಳತೆ. ನಿಮ್ಮ 12 ಅನ್ನು ಮರೆತುಬಿಡಿ. ಈ ತಿಂಗಳು ಗಾಳಿ ಜಾಸ್ತಿ ಇರುವ ತಿಂಗಳು. 64 ಕೆಜಿಗೆ 22ರಿಂದ 25 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಮೀ) ಗಾಳಿಯಲ್ಲಿ 9 ಮೀಟರ್ ಕೂಡ ದೊಡ್ಡದೇ. 7 ಮೀಟರ್ ಬಾಡಿಗೆಗೆ ತೆಗೆದುಕೊಳ್ಳಿ. ಕೈಟಿನ ಎಳೆತ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 20 ನಾಟ್ ಇದ್ದದ್ದು 28 ಆದರೆ ವೇಗ ಒಂದೂವರೆ ಪಟ್ಟು ಕೂಡ ಆಗಿರುವುದಿಲ್ಲ, ಎಳೆತ ಮಾತ್ರ ಹೆಚ್ಚೂಕಡಿಮೆ ಎರಡು ಪಟ್ಟು. ಒಂದು ಒಳ್ಳೆಯ ಸುದ್ದಿ ಅಂದರೆ ಬೋಕಾ ಗ್ರಾಂಡಿಯ ಗಾಳಿ ನೇರ ಸಮುದ್ರದ ಮೇಲಿಂದ ಬರುವುದರಿಂದ ಒಂದೇ ಸಮ ಇರುತ್ತದೆ. ಹಟ್ಸ್‌ನಲ್ಲಿ ಅದು ಇಡೀ ದ್ವೀಪ ದಾಟಿ ಬಂದು ಹರಿದು ಹೋಗಿರುತ್ತದೆ, ಜಗ್ಗುತ್ತದೆ, ಬಿಡುತ್ತದೆ. ಮೊದಲ ಸಲ ಆ ವ್ಯತ್ಯಾಸ ತೋಳಿಗೆ ಗೊತ್ತಾದಾಗ ನನಗೆ ಕಣ್ಣಲ್ಲಿ ನೀರು ಬಂದಿತ್ತು.

ಈಗ ಕಷ್ಟದ ಮಾತು. ನಾಲ್ಕು ವರ್ಷದ ಹಿಂದೆ, ಸಂಜೆ ಐದರ ಹೊತ್ತು, 8 ಮೀಟರ್ ಕೈಟಿನಲ್ಲಿ ದಡಕ್ಕೆ ವಾಪಸ್ ಬರುತ್ತಿದ್ದೆ. ಹಿಂದಿನಿಂದ ಅಲೆ ಎದ್ದಿತು. ತಿರುಗಿ ಅಲೆ ನೋಡಿದೆ. ಕೈಟ್ ನೋಡಲಿಲ್ಲ. ಅಲೆ ಮುಂದಕ್ಕೆ ತಳ್ಳಿದಾಗ ಲೈನ್, ಅಂದರೆ ಕೈಟಿನ ದಾರ, ಸಡಿಲವಾಗಿ ಕೈಟ್ ನೀರಿಗೆ ಬಿತ್ತು. ಮುಂದಿನ ಅಲೆ ಅದರೊಳಗೆ ನೀರು ತುಂಬಿಸಿಕೊಂಡು ಮೂಟೆಯ ಹಾಗೆ ಉರುಳಿಸಿತು. ಸಡಿಲವಾದ ಲೈನ್ ಒಂದು ಸುತ್ತು ನನ್ನ ಎಡಗಾಲಿನ ಮೀನಖಂಡಕ್ಕೆ ಬಿದ್ದಿತ್ತು, ಬಿಗಿಯಾಯಿತು. ಕೈಟಿನ ಎಳೆತವನ್ನು ತಕ್ಷಣ ಬಿಡಿಸುವ ಕ್ವಿಕ್ ರಿಲೀಸ್ ಒತ್ತಿದೆ. ಅಲ್ಲಾಡಲಿಲ್ಲ. ಎರಡೂ ಕೈಯಲ್ಲಿ ಒತ್ತಿದೆ. ಅಲ್ಲಾಡಲಿಲ್ಲ. ಬಾಯಿ ತುಂಬ ಉಪ್ಪು ನೀರು. ಮೂರನೇ ಸಲಕ್ಕೆ ಟಕ್ ಅಂತ ಬಿಟ್ಟಿತು.

ಮನೆಗೆ ಬಂದು ಬಿಚ್ಚಿ ನೋಡಿದರೆ ಒಳಗೆ ಸಿಕ್ಕಿಕೊಂಡಿದ್ದು ಮರಳು. ಹವಳ ಪುಡಿಯಾದ ಒರಟು ಮರಳು, ರವೆಗಿಂತ ಸ್ವಲ್ಪ ದಪ್ಪ. ಅವತ್ತು ಕೈಟಿಗೆ ಗಾಳಿ ತುಂಬಿಸುವಾಗ ಬಾರ್ (ಕೈಟ್ ನಡೆಸಲು ಕೈಯಲ್ಲಿ ಹಿಡಿಯುವ ಕೋಲು) ಅನ್ನು ಮರಳ ಮೇಲೆ ಹಾಗೇ ಬಿಟ್ಟಿದ್ದೆ. ಕಾಲಿನ ಮೇಲೆ ಆ ದಾರದ ಗೆರೆ ಈಗಲೂ ಇದೆ. ಆಮೇಲಿಂದ ರಿಲೀಸ್ ಇರುವ ಭಾಗವನ್ನು ಟವೆಲ್ ಮೇಲೆ ಇಡುತ್ತೇನೆ. ಕೈಟ್ ಎಬ್ಬಿಸುವ ಮೊದಲು ಬಾಟಲಿ ನೀರಿನಲ್ಲಿ ತೊಳೆದು, ಒಂದು ಸಲ ಬಿಡಿಸಿ, ಮತ್ತೆ ಜೋಡಿಸುತ್ತೇನೆ. ಪ್ರತಿ ಸಲ.

ನಿಮ್ಮ ಪ್ರಶ್ನೆಗೆ ಉತ್ತರ: ಬೋರ್ಡ್ ಮೇಲೆ ಎಷ್ಟು ಚೆನ್ನಾಗಿ ಹೋಗುತ್ತೀರಿ ಅನ್ನುವುದರಿಂದ ಇದು ತೀರ್ಮಾನ ಆಗುವುದಿಲ್ಲ. ಬೋರ್ಡ್ ಇಲ್ಲದೆ ನೀವು ಏನು ಮಾಡಬಲ್ಲಿರಿ? ಕಾಲಿಗೆ ನೆಲ ಸಿಗದ ನೀರಿನಲ್ಲಿ ಕೈಟ್ ಮತ್ತೆ ಎಬ್ಬಿಸಿದ್ದೀರಾ? ಗಾಳಿಗೆ ಎದುರಾಗಿ ಬಾಡಿ ಡ್ರ್ಯಾಗ್, ಅಂದರೆ ಬೋರ್ಡ್ ಇಲ್ಲದೆ ಕೈಟಿನ ಎಳೆತಕ್ಕೆ ಬರೀ ಮೈಯಲ್ಲಿ ನೀರಿನಲ್ಲಿ ಸಾಗುವುದು, ಮಾಡಿದ್ದೀರಾ? ಲೈನ್ ಸುತ್ತಿಕೊಂಡು ಕೈಟನ್ನೇ ತೆಪ್ಪದ ಹಾಗೆ ಮಾಡಿಕೊಂಡು ದಡ ಸೇರುವ ಸೆಲ್ಫ್ ರೆಸ್ಕ್ಯೂ ನೀರಿನಲ್ಲಿ ಒಂದು ಸಲವಾದರೂ ಮಾಡಿದ್ದೀರಾ? ಮೂರಕ್ಕೂ ಹೌದು ಅನ್ನುವುದಾದರೆ ಮುಂದೆ ಮಾತಾಡೋಣ.

ಮರಳುಗಾಲು:

ಅಣ್ಣ ಚೆನ್ನಾಗಿ ಹೇಳಿದ್ದಾರೆ. ನಾನು ಎರಡು ಚಳಿಗಾಲ ಅಲ್ಲಿದ್ದೆ, ನಾಲ್ಕು ಮಾತು ಸೇರಿಸುತ್ತೇನೆ.

ಅಲ್ಲಿ ಜೀವರಕ್ಷಕರು ಇಲ್ಲ, ನೆರಳಿಲ್ಲ, ಅಂಗಡಿ ಇಲ್ಲ. ಕುಡಿಯುವ ನೀರು ಹೊತ್ತುಕೊಂಡೇ ಹೋಗಿ. ಒಬ್ಬರೇ ಹೋಗಬೇಡಿ. ಕೋಸ್ಟ್ ಗಾರ್ಡ್ ತುರ್ತು ನಂಬರ್ 913, ಆಂಬುಲೆನ್ಸಿಗೆ 911. ದಡದಲ್ಲಿ ಕೂತವರ ಫೋನಿನಲ್ಲಿ ಎರಡೂ ಇರಲಿ. ಆಕ್ಸಿಬೆಂಜೋನ್ ಇರುವ ಸನ್‌ಸ್ಕ್ರೀನ್ ಅನ್ನು ಆರುಬಾದಲ್ಲಿ 2020ರಿಂದ ನಿಷೇಧಿಸಿದ್ದಾರೆ, ಡಬ್ಬಿ ನೋಡಿ ತೆಗೆದುಕೊಳ್ಳಿ.

ಸರ್ಗಾಸಮ್ ಬಗ್ಗೆ ಯಾರೂ ಹೇಳಲಿಲ್ಲ. ಕಂದು ಬಣ್ಣದ ತೇಲುವ ಪಾಚಿ. 2011ರಿಂದ ಕೆರಿಬಿಯನ್ ದ್ವೀಪಗಳಿಗೆ ರಾಶಿ ರಾಶಿ ಬಂದು ಬೀಳುತ್ತಿದೆ, ಗಾಳಿಗೆ ಎದುರಾದ ದಡಗಳಿಗೆ ಮೊದಲು. ಬೋರ್ಡಿನ ರೆಕ್ಕೆಗೆ ಒಂದು ಹಿಡಿ ಸಿಕ್ಕಿಕೊಂಡರೆ ಸಾಕು, ಯಾರೋ ಹಿಂದಿನಿಂದ ಹಿಡಿದು ನಿಲ್ಲಿಸಿದ ಹಾಗೆ ಮುಗ್ಗರಿಸಿ ಬೀಳುತ್ತೀರಿ. ಲೈನಿಗೆ ಜೋತುಬಿದ್ದರೆ ಕೈಟ್ ಮತ್ತೆ ಏಳುವುದೇ ಇಲ್ಲ. ದಡದಲ್ಲಿ ಹೊಸದಾಗಿ ಹಸಿಹಸಿ ಬಿದ್ದಿರುವುದು ಕಂಡರೆ ಅವತ್ತು ಬಿಟ್ಟುಬಿಡಿ.

ಇನ್ನೊಂದು ಮಾತು ಮನಸ್ಸಿನಿಂದ ಕೇಳಿಕೊಳ್ಳುತ್ತೇನೆ. ಈಗ ಆಮೆಗಳು ಮೊಟ್ಟೆ ಇಡುವ ಕಾಲ. ಆರುಬಾದ ಮರಳಿಗೆ ನಾಲ್ಕು ಜಾತಿಯ ಕಡಲಾಮೆ ಬರುತ್ತವೆ, ಎಲ್ಲಕ್ಕಿಂತ ದೊಡ್ಡದಾದ ಲೆದರ್‌ಬ್ಯಾಕ್ ಕೂಡ. ಬೇಲಿ ಹಾಕಿ ಗುರುತು ಮಾಡಿದ ಗೂಡು ಕಂಡರೆ ಅದರ ಹತ್ತಿರ ಲೈನ್ ಹಾಸಬೇಡಿ, ಕೈಟ್ ಇಳಿಸಬೇಡಿ, ಕಾರನ್ನು ಮರಳಿಗೆ ಇಳಿಸಲೇಬೇಡಿ. ಒಂದು ಬೆಳಗ್ಗೆ ಗೂಡಿನಿಂದ ಹೊರಟ ಮರಿಗಳು ಟೈರಿನ ಗುಳಿಯೊಳಗೆ ಬಿದ್ದು ಹತ್ತಲಾರದೆ ಅದರೊಳಗೇ ಉದ್ದಕ್ಕೆ ನಡೆಯುತ್ತಿದ್ದುದನ್ನು ನೋಡಿದ್ದೇನೆ. ಅಂಗೈ ಅಗಲದ ಜೀವ. ಸಮುದ್ರ ಎದುರಿಗೇ ಇತ್ತು.

ಅಲೆಸವಾರ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ಹಟ್ಸ್‌ನಲ್ಲೇ ಇದ್ದರೆ ಅಲೆ ಯಾವತ್ತೂ ಬರುವುದಿಲ್ಲ. ನಾನು 14ನೇ ದಿನಕ್ಕೇ ಬೋಕಾ ಗ್ರಾಂಡಿಗೆ ಇಳಿದೆ, ಏನೂ ಆಗಲಿಲ್ಲ. ಹತ್ತು ಸಲ ಬಿದ್ದೆ, ಅಷ್ಟೇ. ಬೋರ್ಡ್ ಕಳೆದುಕೊಂಡರೆ ಅಲೆಯೇ ದಡಕ್ಕೆ ತಂದು ಹಾಕುತ್ತದೆ, ಹುಡುಕುವ ಕಷ್ಟ ಇಲ್ಲ. ಹೆದರಿಸಿ ಹೆದರಿಸಿ ಜನರನ್ನು ದಡದಲ್ಲೇ ಕೂರಿಸಬೇಡಿ.

ಉಪ್ಪುಗಾಳಿ:

ಅಲೆಸವಾರ, ಬೋರ್ಡ್ ಮಾತು ನಿಜ. ಅಲ್ಲಿ ಬೋರ್ಡ್ ನಿಮಗಿಂತ ಮೊದಲು ದಡಕ್ಕೆ ಬಂದಿರುತ್ತದೆ. ಅದಕ್ಕೇ ಅಕ್ಕ, ಬೋರ್ಡನ್ನು ದಾರದಿಂದ ಮೈಗೆ ಕಟ್ಟಿಕೊಳ್ಳಬೇಡಿ, ಅಲೆಯಲ್ಲಿ ಅದು ವಾಪಸ್ ಬಂದು ತಲೆಗೇ ಹೊಡೆಯುತ್ತದೆ. ಕಳೆದುಹೋದರೆ ಮೊದಲು ದಡದ ಕಡೆ ನೋಡಿ.

ಆದರೆ "ಏನೂ ಆಗಲಿಲ್ಲ" ಅನ್ನುವುದನ್ನು ಇನ್ನೊಬ್ಬರಿಗೆ ಸಲಹೆಯಾಗಿ ಕೊಡಬೇಡಿ ಮಾರಾಯರೇ. ಅವತ್ತು ಎಷ್ಟು ಗಾಳಿ ಇತ್ತು, ಯಾವ ತಿಂಗಳು? ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಇದೇ ಜಾಗ ಎಷ್ಟೋ ಮೆತ್ತಗಿರುತ್ತದೆ. ಈಗ ಹಾಗಲ್ಲ.

ಹೊಸರೆಕ್ಕೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಣ್ಣ ಕೇಳಿದ ಮೂರು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ: ಬಾಡಿ ಡ್ರ್ಯಾಗ್ ಬರುತ್ತದೆ, ಗಾಳಿಗೆ ಎದುರಾಗಿಯೂ. ಕೈಟ್ ಎಬ್ಬಿಸುವುದು ಬರುತ್ತದೆ, ಆದರೆ ಯಾವಾಗಲೂ ಕಾಲಿಗೆ ನೆಲ ಸಿಗುತ್ತಿತ್ತು. ಸೆಲ್ಫ್ ರೆಸ್ಕ್ಯೂ ದಡದ ಮೇಲೆ ತೋರಿಸಿದ್ದರು, ನೀರಿನಲ್ಲಿ ಮಾಡಿಲ್ಲ.

ಇವತ್ತು ಬೆಳಗ್ಗೆ ಕಲಿಸುವವರನ್ನು ಕೇಳಿಕೊಂಡು ದೋಣಿ ಜೊತೆಗೆ ಆಳದ ನೀರಿಗೆ ಹೋದೆ. ಬೇಕೆಂದೇ ಕೈಟ್ ಬೀಳಿಸಿ ಏಳು ಸಲ ಎಬ್ಬಿಸಿದೆ. ಆಮೇಲೆ ರಿಲೀಸ್ ಒತ್ತಿ, ಬಾರ್‌ಗೆ ಲೈನ್ ಸುತ್ತಿಕೊಳ್ಳುತ್ತಾ ಕೈಟ್ ಹತ್ತಿರ ಹೋಗುವುದು. ಎಷ್ಟು ಹೊತ್ತು ಹಿಡಿಯಿತು ಗೊತ್ತಾ? 25 ನಿಮಿಷ. ಅಷ್ಟರಲ್ಲಿ ಗಾಳಿ ನಮ್ಮನ್ನು ಎಲ್ಲಿಗೆ ಒಯ್ದಿತ್ತು ಅಂದರೆ ದಡದ ಹೋಟೆಲುಗಳು ಬೆಂಕಿಪೆಟ್ಟಿಗೆ ಥರ ಕಾಣುತ್ತಿದ್ದವು. ದೋಣಿ ಇಲ್ಲದಿದ್ದರೆ ಅನ್ನುವ ಯೋಚನೆ ಬಂದು ಕೈ ನಡುಗಿತು. ನೀವು ಹಟ್ಸ್ ಬಗ್ಗೆ ಹೇಳಿದ್ದು ಆಗ ಅರ್ಥ ಆಯಿತು.

ಒಂದು ಪ್ರಶ್ನೆ. ಅಲೆ ಒಡೆಯುವ ಜಾಗದಲ್ಲೇ ಕೈಟ್ ಬಿದ್ದರೆ ಎಬ್ಬಿಸಲು ನೋಡಬೇಕಾ, ಬಿಟ್ಟುಬಿಡಬೇಕಾ?

ಉಪ್ಪುಗಾಳಿ:

ನೀವು ಬೇಕೆಂದೇ ಏಳು ಸಲ ಬೀಳಿಸಿದಿರಿ ಅಂತ ಓದಿ ನನಗೆ ನಿಜಕ್ಕೂ ಖುಷಿ ಆಯಿತು.

ಕೈಟ್ ಬಿದ್ದ ಮೇಲೆ ಮುಂದಿನ ಅಲೆ ಬರುವವರೆಗೆ ನಿಮಗೆ ಸಿಗುವುದು ಕೆಲವೇ ಸೆಕೆಂಡ್. ಅಷ್ಟರಲ್ಲಿ ಎದ್ದರೆ ಎದ್ದಿತು. ಅಲೆ ಅದರ ಮೇಲೆ ಬಿತ್ತು ಅಂದರೆ ಜಗ್ಗಾಡಬೇಡಿ. ಒಂದು ಕಡೆ ನೀವು ಎಳೆದು ಇನ್ನೊಂದು ಕಡೆ ಅಲೆ ಎಳೆದರೆ ಬಟ್ಟೆ ಉದ್ದಕ್ಕೆ ಹರಿಯುತ್ತದೆ. ರಿಲೀಸ್ ಒತ್ತಿ. ಕೈಟ್ ಒಂದೇ ಲೈನಿನಲ್ಲಿ ಸಡಿಲವಾಗಿ ನಿಲ್ಲುತ್ತದೆ. ಆಮೇಲೆ ಲೈನಿಂದ ದೂರ ಇದ್ದುಕೊಂಡು ಅಲೆಯ ಜೊತೆಗೇ ದಡಕ್ಕೆ ಬನ್ನಿ. ಅದು ಇನ್ನೂ ಎಳೆಯುತ್ತಿದ್ದು ನಿಮ್ಮನ್ನು ಬಂಡೆ ಕಡೆಗೆ ಒಯ್ಯುತ್ತಿದ್ದರೆ ಕೈಟನ್ನು ಮೈಗೆ ಕಟ್ಟಿರುವ ಲೀಶ್ ಕೂಡ ಬಿಡಿಸಿ. ಗಾಳಿ ದಡದ ಕಡೆಗೇ ಇದೆ, ಕೈಟ್ ದಡದಲ್ಲೇ ಸಿಗುತ್ತದೆ. ದಡದಲ್ಲಿರುವವರಿಗೆ ಕೂಗಿ ಹೇಳಿ, ದಾರ ಎಳೆದುಕೊಂಡು ಬರುವ ಕೈಟ್ ಕೆಳಗೆ ಮಕ್ಕಳು ಇರಬಾರದು. ಸೊಂಟಕ್ಕೆ ಕಟ್ಟುವ ಹಾರ್ನೆಸ್‌ಗೆ ಲೈನ್ ಕತ್ತರಿಸುವ ಚಾಕು ಇಟ್ಟುಕೊಳ್ಳಿ, ಯಾವ ಕೈಗೆ ಸಿಗುತ್ತದೆ ಅಂತ ಕಣ್ಣು ಮುಚ್ಚಿಕೊಂಡು ನೋಡಿಕೊಳ್ಳಿ.

ಇಳಿಯುವ ಮೊದಲು ಒಂದು ದಿನ ಹೋಗಿ ಬರೀ ಕೂತು ನೋಡಿ. ಎರಡು ಗಂಟೆ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಸ್ವಲ್ಪ ಬಿಡುವು ಇರುತ್ತದೆ. ಬೇರೆಯವರು ಯಾವ ಬಿಡುವಿನಲ್ಲಿ ಒಳಗೆ ಹೋಗುತ್ತಾರೆ, ಎಲ್ಲಿಂದ ಹೊರಗೆ ಬರುತ್ತಾರೆ ನೋಡಿ. ನೀರು ಎಲ್ಲಿ ಕಂದು ಬಣ್ಣಕ್ಕೆ ತಿರುಗಿದೆಯೋ ಅಲ್ಲಿ ಕೆಳಗೆ ಬಂಡೆ ಇದೆ ಅಂತಲೇ ಇಟ್ಟುಕೊಳ್ಳಿ. ಕಾಲಿಗೆ ನೀರಿನ ಬೂಟು, ತಲೆಗೆ ಹೆಲ್ಮೆಟ್.

ಹೊಸರೆಕ್ಕೆ:

ಗುರುವಾರ ಹೋಗಿ ಬಂದೆ. ಬರೆಯದೆ ಇರಲು ಆಗುತ್ತಿಲ್ಲ.

ಮನೆಯವರು ಮಗಳ ಜೊತೆ ಬೇಬಿ ಬೀಚಿನಲ್ಲಿ ಉಳಿದರು. ನನ್ನ ಜೊತೆ ಕಲಿತ ಹುಡುಗ ಬಂದಿದ್ದ. 2 ಗಂಟೆಯಿಂದ 4 ಗಂಟೆವರೆಗೆ ಮರಳ ಮೇಲೆ ಕೂತೆವು. ಹಾರುವ ಮರಳು ಕಾಲಿನ ಗಿಣ್ಣಿಗೆ ಸೂಜಿ ಚುಚ್ಚಿದ ಹಾಗೆ ಬಡಿಯುತ್ತದೆ. ಮೊದಲ ಅರ್ಧ ಗಂಟೆ ಎಲ್ಲ ಒಂದೇ ಬಿಳಿ ನೊರೆ. ಆಮೇಲೆ ನಿಧಾನಕ್ಕೆ ಕಾಣಲು ಶುರುವಾಯಿತು. ದೊಡ್ಡವು ನಾಲ್ಕೈದು ಒಟ್ಟಿಗೆ ಬರುತ್ತವೆ, ಆಮೇಲೆ ಸ್ವಲ್ಪ ಹೊತ್ತು ನೀರು ಉಸಿರು ಬಿಡುತ್ತದೆ. ಎಲ್ಲರೂ ಆಗಲೇ ಹೋಗುತ್ತಿದ್ದರು. ಬರುವಾಗ ಎಲ್ಲರೂ ಒಂದೇ ಜಾಗದಿಂದ ಬರುತ್ತಿದ್ದರು. ಇಷ್ಟು ದಿನ ಯಾರಾದರೂ ಹೇಳಿದ್ದರೂ ನನಗೆ ಕಾಣುತ್ತಿರಲಿಲ್ಲ.

ಅಲ್ಲಿದ್ದ ಒಬ್ಬ ಸ್ಥಳೀಯರು, ಅರವತ್ತರ ಹತ್ತಿರ ಇರಬಹುದು, ಬಂದು ಮಾತಾಡಿಸಿದರು. ಇಳಿಯುವುದಾದರೆ ಬೋರ್ಡ್ ಬಿಟ್ಟು ಇಳಿ ಅಂದರು. 7 ಮೀಟರ್ ಕೈಟ್ ಅವರೇ ಹಿಡಿದು ಎಬ್ಬಿಸಿಕೊಟ್ಟರು. ಟವೆಲ್ ಮೇಲೆ ಬಾರ್ ಇಟ್ಟಿದ್ದು, ಬಾಟಲಿ ನೀರಿನಲ್ಲಿ ರಿಲೀಸ್ ತೊಳೆದದ್ದು ನೋಡಿ ಏನೂ ಹೇಳದೆ ತಲೆಯಾಡಿಸಿದರು. ಮೂವತ್ತು ಹೆಜ್ಜೆ ಎಣಿಸಿದೆ ಅಣ್ಣ. ಇಪ್ಪತ್ತಾರಕ್ಕೇ ನೀರು ಸಿಕ್ಕಿತು.

ಮೂರು ಸಲ ಬರೀ ಮೈಯಲ್ಲಿ ಅಲೆ ದಾಟಿ ಆಚೆ ಹೋಗಿ ವಾಪಸ್ ಬಂದೆ. ಎರಡನೇ ಸಲ ಕೈಟ್ ಬಿತ್ತು. ಅಲೆ ಬರುವ ಮೊದಲೇ ಎದ್ದಿತು. ಅಲೆ ಎದ್ದಾಗ ಹಿಂದೆ ತಿರುಗಲಿಲ್ಲ, ಕೈಟನ್ನೇ ನೋಡುತ್ತಿದ್ದೆ. ಆಚೆ ಹೋದ ಮೇಲೆ ಆ ಗಾಳಿ! ಒಂದೇ ಸಮ, ಒಂದು ಕೈಯಲ್ಲಿ ಬಾರ್ ಹಿಡಿಯಬಹುದು ಅನ್ನುವಷ್ಟು. ಸಂಜೆ ದಾರಿಯಲ್ಲಿ ಗಾಳಿಗೆ ಬಾಗಿ ಬೆಳೆದ ವಾಟಪಾನ ಮರಗಳನ್ನು ಮಗಳಿಗೆ ತೋರಿಸಿದೆ. "ಇದಕ್ಕೆ ಬೆನ್ನು ನೋವಾ ಅಮ್ಮ" ಅಂದಳು.

ಭಾನುವಾರ ಗಾಳಿ 22 ನಾಟ್ ಒಳಗಿದ್ದರೆ ಬೋರ್ಡ್ ತೆಗೆದುಕೊಂಡು ಹೋಗುತ್ತೇನೆ. ಜಾಸ್ತಿ ಇದ್ದರೆ ಮತ್ತೆ ಬೋರ್ಡ್ ಇಲ್ಲದೆ.

ಉಪ್ಪುಗಾಳಿ:

ಭಾನುವಾರ 3 ಗಂಟೆಗೆ ನಾನೂ ಅಲ್ಲಿರುತ್ತೇನೆ ಅಕ್ಕ. ನೀಲಿ ಹೆಲ್ಮೆಟ್. ಬಂದ ತಕ್ಷಣ ಮಾತಾಡಿಸಿ, ಕೈಟ್ ನಾನು ಎಬ್ಬಿಸಿಕೊಡುತ್ತೇನೆ.